ಕೊನೆಯ ಮನೆಯ ಕೇಬಲ್

ಇಪ್ಪತ್ತಾರು ವರ್ಷ ಮನೆಮನೆಗೆ ಕೇಬಲ್ ಎಳೆದ ಬೀದಿಯಲ್ಲಿ ನನಗೆ ಉಳಿದಿದ್ದು ಪಂಕಜಮ್ಮನವರ ಮನೆ ಒಂದೇ. ಅದೂ ಹೋದರೆ ಆ ಬೀದಿಗೆ ಕಾಲಿಡುವ ಕೆಲಸವೇ ನನಗಿರಲಿಲ್ಲ.

ಅವರ ಮಗಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಾಳೆ. ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನೆಟ್ ಹೋಗುತ್ತಿತ್ತು, ಮಧ್ಯಾಹ್ನ ತಾನಾಗಿ ಬರುತ್ತಿತ್ತು. ವಿಚಿತ್ರ ಅಂದರೆ ಮಳೆ ಬಂದ ದಿನ ಒಂದು ಚೂರೂ ಕೆಡುತ್ತಿರಲಿಲ್ಲ. ಕೆಲಸ ಮುಗಿಸಿ ಸಂಜೆ ಹೋಗಿ ನೋಡುತ್ತಿದ್ದೆ. ಬಾಕ್ಸು ಬದಲಿಸಿದೆ, ಕಂಬ ಹತ್ತಿಳಿದೆ, ಅದೇ ಜಾಯಿಂಟನ್ನು ನಾಲ್ಕು ಸಲ ಬಿಗಿ ಮಾಡಿದೆ. ಕಾರಣ ಸಿಗಲಿಲ್ಲ.

ಕೊನೆಗೆ ಆ ಹುಡುಗಿ ಸಿಮ್ ಹಾಕುವ, ವೈರಿಲ್ಲದ ಪೆಟ್ಟಿಗೆ ತಂದಳು.

"ಹದಿನೈದು ದಿನ ನೋಡ್ತೀನಿ ಮಾಮಾ. ಇದೂ ಕೈಕೊಟ್ರೆ ಮತ್ತೆ ನೀವೇ ಗತಿ."

ದಿನ ಎಣಿಸಿದೆ. ಹದಿನಾರನೇ ದಿನ ಬೆಳಿಗ್ಗೆಯೇ ಹೋದೆ.

"ಒಂದು ಸಲಾನೂ ನಿಂತಿಲ್ಲ ಮಾಮಾ," ಅಂದಳು, ನನ್ನ ಮುಖ ನೋಡದೆ. "ವೈರ್ ಬಿಚ್ಕೊಂಡು ಹೋಗಿ. ಬೇಜಾರು ಮಾಡ್ಕೋಬೇಡಿ."

ಕಟಿಂಗ್ ಪ್ಲೇಯರ್ ಹಿಡಿದು ತಾರಸಿ ಹತ್ತಿದೆ. ಪಂಕಜಮ್ಮ ಬಕೆಟ್ಟು ಎತ್ತಿಕೊಂಡು ನನ್ನ ಹಿಂದೆಯೇ ಬಂದರು.

"ಅಣ್ಣಾ, ನೀರಿನ ಟ್ಯಾಂಕಿಂದ ಆ ಗೋಡೆವರೆಗೆ ಇರೋ ವೈರ್ ಮಾತ್ರ ಹಾಗೇ ಬಿಟ್ಬಿಡಿ," ಅಂದರು. "ಹತ್ತು ಗಂಟೆಗೆ ಒಗೆದ ಬಟ್ಟೆ ನಾನು ಇನ್ನೆಲ್ಲಿ ಹರವಲಿ?"