ಹೆಚ್ಚಿಗೆ ಬರೆಸಿದ ಒಂದು ವರ್ಷ

ಮಗ ಕೊಲೆ ಕೇಸಿನಲ್ಲಿ ಒಳಗಿದ್ದರೂ ಬಸವಣ್ಯಪ್ಪನ ಮೀಸೆ ಇನ್ನೂ ಬಗ್ಗಿರಲಿಲ್ಲ.

“ಹುಡುಗನಿಗೆ ಇನ್ನೂ ಹದಿನೇಳು ವರ್ಷ, ವಕೀಲರೇ. ಬಾಲಾಪರಾಧಿ ಅಂತ ಹೇಳಿ ಬಿಡಿಸಿಬಿಡಿ.”

ಕೇಸಿನ ಕಾಗದಗಳನ್ನು ಬದಿಗಿಟ್ಟು ವಕೀಲರು ಮೊದಲು ಶಾಲೆಯ ದಾಖಲೆ ನೋಡಿದರು. “ಇದರಲ್ಲಿ ಹದಿನೆಂಟು ತುಂಬಿದೆಯಲ್ರೀ! ಇನ್ನು ದೊಡ್ಡವರ ಕೋರ್ಟೇ ಗತಿ.”

“ಅಯ್ಯೋ, ಹುಡುಗ ಭಾರಿ ಚುರುಕು ಅಂತ ಒಂದು ವರ್ಷ ಮುಂಚೆ ಶಾಲೆಗೆ ಹಾಕಿದ್ದೆ. ಅದಕ್ಕೇ ವಯಸ್ಸು ಹೆಚ್ಚಿಗೆ ಬರೆಸಿದ್ದು. ಮನೇಲಿ ಹುಟ್ಟಿದವನು, ಬೇರೆ ದಾಖಲೆ ಎಲ್ಲಿಂದ ತರಲಿ?”

“ಹಾಗಾದ್ರೆ ಬರೆದ ಹೆಡ್‌ಮೇಷ್ಟ್ರನ್ನೇ ಸಾಕ್ಷಿಗೆ ಕರೆಸೋಣ. ತಪ್ಪು ಬರೆದೆ ಅಂತ ಅವರು ಒಪ್ಪಿದ್ರೆ ಹುಡುಗ ಬಚಾವ್. ಈಗ ಎಲ್ಲಿದ್ದಾರೆ?”

ಬಸವಣ್ಯಪ್ಪನ ಕೈ ಮೀಸೆ ಬಿಟ್ಟು ತಲೆಗೆ ಹೋಯಿತು.

“ನನ್ನ ಮಗ ಕೊಂದಿದ್ದು ಅವರನ್ನೇ, ಸ್ವಾಮಿ.”