ಗೂಡು ತೆಗೆದ ಬೆಳಗ್ಗೆ

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಂಬಮ್ಮ ಹಿತ್ತಲಿನ ಕೋಳಿಗೂಡಿನ ಹಲಗೆ ಸರಿಸಿ, ಕಾವಿಗೆ ಕೂತಿದ್ದ ಒಂದು ಹೇಟೆಯನ್ನು ಬಿಟ್ಟು ಮಿಕ್ಕವನ್ನೆಲ್ಲ ಹೊರಗೆ ಅಟ್ಟಿದಳು. ಹುಂಜ ಬೇಲಿ ಹಾರಿತು. ಹೇಟೆಗಳು ರೆಕ್ಕೆ ಬಡಿಯುತ್ತ ತಿಪ್ಪೆಯ ಕಡೆ ಓಡಿದವು.

ಬೇಲಿಯಾಚೆ ಅಂಗಳ ಗುಡಿಸುತ್ತಿದ್ದ ನೆರೆಮನೆಯ ಓಬಮ್ಮ ಪೊರಕೆ ಹಿಡಿದೇ ನಿಂತುಬಿಟ್ಟಳು.

“ಏನೇ ಅಂಬಮ್ಮಾ, ಇವತ್ತು ಹಾಲಮ್ಮನ್ನ ನೋಡಾಕೆ ಲಕ್ಕವಳ್ಳಿಯಿಂದ ನೆಂಟ್ರು ಬತ್ತಾರೆ, ಕೋಳಿ ಕುಯ್ಬೇಕು ಅಂತಿದ್ದೆ. ಎಲ್ಲಾ ಬಿಟ್ಬಿಟ್ಟೆಯಲ್ಲೇ! ಇನ್ನು ಸಂಜೆಗಂಟ ಒಂದೂ ಕೈಗೆ ಸಿಕ್ಕಲ್ಲ.”

“ಸಿಕ್ಕಬಾರ್ದು ಅಂತ್ಲೇ ಬಿಟ್ಟಿದ್ದು ಕಣೇ.”

ಅಂಬಮ್ಮ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದಳು. ಮಗಳು ಹಾಲಮ್ಮನಿಗೆ ಅವತ್ತು ಕಡೂರಿನಲ್ಲಿ ಎಸ್ಸೆಲ್ಸಿ ಪರೀಕ್ಷೆ, ಲೆಕ್ಕ. ನೆಂಟರು ಬರುವ ಸುದ್ದಿ ಬಂದದ್ದು ಹಿಂದಿನ ದಿನ. ಹುಡುಗ ಡ್ಯಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದವನು. ಗಂಡ ಮುದ್ದಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ: “ಪರೀಕ್ಷೆ ಗಿರೀಕ್ಷೆ ಸಾಕು, ಹುಡುಗಿ ಮನೇಲಿರ್ಲಿ.” ಹಾಲಮ್ಮ ಅಳಲಿಲ್ಲ. ಪುಸ್ತಕ ಮುಚ್ಚಿ, ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಅತ್ತಿದ್ದರೆ ಅಂಬಮ್ಮ ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದಳೋ ಏನೋ. ಆ ಬೆನ್ನು ನೋಡುತ್ತ ಅವಳು ರಾತ್ರಿಯೆಲ್ಲ ಉಪಾಯ ಹುಡುಕಿದ್ದಳು.

“ಬಸ್ಸು ಹೋಗೋಗಂಟ ಬಾಗ್ಲು ಬಿಟ್ಟು ಏಳಲ್ಲ ಅಂತ ಕೂತವ್ನೆ. ಕೋಳಿ ಹಿಡಿಯಾಕಾದ್ರೂ ಏಳ್ಬೇಕಲ್ಲ.”

ಓಬಮ್ಮ ಒಂದು ಗಳಿಗೆ ಯೋಚಿಸಿದಳು. “ನಿಮ್ದು ಸಿಕ್ದಿದ್ರೆ ಸೀದಾ ನಮ್ಮನೆಗೆ ಬತ್ತಾನೆ, ಒಂದು ಹುಂಜ ಕೊಡಕ್ಕಾ ಅಂತ. ನೆಂಟ್ರು ಬತ್ತಾವ್ರೆ ಅಂದ್ರೆ ಇಲ್ಲ ಅನ್ನಾಕಾಯ್ತದಾ?”

ಅಷ್ಟಂದು ಪೊರಕೆ ಬಿಸಾಕಿ ತನ್ನ ಗೂಡಿನತ್ತ ನಡೆದಳು. ಮುಂಗುಸಿ ಕಾಟ ತಾಳಲಾರದೆ ಹೊಸದಾಗಿ ಕಟ್ಟಿಸಿದ ಕಲ್ಲಿನ ಗೂಡು ಅದು. ಬಾಗಿಲು ತೆಗೆದು ಕೋಳಿಗಳನ್ನೆಲ್ಲ ಬಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಯ ಹಿತ್ತಲಿಗೆ ಹೋದಳು. ಅಲ್ಲಿಂದ ಅದರಾಚೆಯ ಮನೆಗೆ.

ಬಿಸಿಲು ಮೂಡುವ ಹೊತ್ತಿಗೆ ಮುದ್ದಪ್ಪ ಕತ್ತಿ ಮಸೆದಿಟ್ಟು ಕೋಳಿ ಕೇಳಿದ.

“ಗೂಡು ಖಾಲಿ. ಬೇಕಾದ್ರೆ ಹಿಡ್ಕಂಬಾ,” ಎಂದಳು ಅಂಬಮ್ಮ ಒಲೆ ಊದುತ್ತ.

ಅವನು ನಂಬದೆ ಗೂಡಿಗೆ ಕೈಹಾಕಿದ. ಕಾವಿಗೆ ಕೂತ ಹೇಟೆ ರಕ್ತ ಬರುವಂತೆ ಕುಟುಕಿತು. ಕೈ ಕೊಡವಿಕೊಂಡು ತಿಪ್ಪೆಗೆ ಓಡಿದ, ಕಳ್ಳಿಬೇಲಿಗೆ ನುಗ್ಗಿದ, ಹುಲ್ಲಿನ ಬಣವೆ ಸುತ್ತಿದ. ಕೊನೆಗೆ ಬೀದಿಗೆ ಬಂದು ನೋಡಿದರೆ ಬೀದಿ ತುಂಬಾ ಕೋಳಿ! ಬಾಗಿಲು ಬಾಗಿಲಲ್ಲೂ ಹೆಂಗಸರು ನಿಂತು, “ಅಯ್ಯೋ ಮುದ್ದಣ್ಣಾ, ಈಗ್ತಾನೆ ಬಿಟ್ನಲ್ಲಾ!” ಎಂದು ಕೆನ್ನೆಗೆ ಕೈಯಿಡುತ್ತಿದ್ದರು.

ಒಳಗೆ ಅಂಬಮ್ಮ ಮಗಳ ಕೈಗೆ ರೊಟ್ಟಿಗಂಟು ಕೊಟ್ಟಳು. ಹಾಲಮ್ಮ ಹಿತ್ತಲ ಬಾಗಿಲ ಕಡೆ ತಿರುಗಿದಳು.

“ಅತ್ಲಾಗೆ ಬ್ಯಾಡ. ಮುಂದ್ಲ ಬಾಗ್ಲಿಂದ್ಲೇ ಹೋಗು. ನೀನೇನು ಕದ್ದು ಹೋಗ್ತಿದ್ದೀಯಾ?”

ಹಾಲಮ್ಮ ತಲೆಯೆತ್ತಿಕೊಂಡು ಬೀದಿಗಿಳಿದಳು. ಕೋಳಿಗಳು ಅವಳಿಗೆ ದಾರಿ ಬಿಟ್ಟವು. ಕೆರೆ ಏರಿಯ ಮೇಲೆ ಬಸ್ಸು ಹಾರನ್ ಹೊಡೆದಾಗ ಮುದ್ದಪ್ಪ ಓಬಮ್ಮನ ಹುಂಜದ ಬಾಲಕ್ಕೆ ಕೈಹಾಕಿದ್ದ. ಹುಂಜ ತಪ್ಪಿಸಿಕೊಂಡಿತು, ಪುಕ್ಕ ಕೈಲುಳಿಯಿತು. ತಲೆಯೆತ್ತಿ ನೋಡಿದರೆ ಮಗಳು ಬಸ್ಸು ಹತ್ತುತ್ತಿದ್ದಳು.

“ಮಾನ ಕಳೆದ್ಬಿಟ್ಟೆ ಕಣೇ!” ಅವನು ಮನೆಗೆ ನುಗ್ಗಿ ಕೂಗಿದ.

ಅಂಬಮ್ಮ ಒಲೆಯ ಮುಂದಿನಿಂದ ಎದ್ದು ನಿಂತಳು. “ಕೋಳಿನೂ ನಾನೇ ಬಿಟ್ಟೆ, ಮಗ್ಳನ್ನೂ ನಾನೇ ಕಳಿಸ್ದೆ. ಈಗೇನ್ ಮಾಡ್ತೀಯೋ ಮಾಡು.” ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಿಂತು ಮಾತಾಡಿದ್ದೇ ಇಲ್ಲ. ಮುದ್ದಪ್ಪ ಕೈಯಲ್ಲಿದ್ದ ಪುಕ್ಕವನ್ನೇ ನೋಡುತ್ತ ಹೊರಗೆ ಬಂದು ಜಗಲಿಯ ಮೇಲೆ ಕೂತ.

ಮಧ್ಯಾಹ್ನ ನೆಂಟರು ಬಂದರು. ಹುಡುಗ, ಅವನ ಅಪ್ಪ, ಅಮ್ಮ. ಎಲೆಗೆ ಮುದ್ದೆ, ಹುರುಳಿ ಸಾರು ಬಿತ್ತು. ಹುಡುಗನ ತಾಯಿ ಬಾಗಿಲಾಚೆ ಕಣ್ಣು ಹಾಯಿಸಿದಳು.

“ಬೀದಿ ತುಂಬಾ ಕೋಳಿ, ಎಲೆ ಮ್ಯಾಲೆ ಹುರುಳಿ. ಏನಮ್ಮಾ ಸಮಾಚಾರ? ಹುಡುಗೀನೂ ಕಾಣಾಕಿಲ್ಲ?”

ಮುದ್ದಪ್ಪ ಬಾಯಿ ತೆರೆಯುವಷ್ಟರಲ್ಲಿ ಅಂಬಮ್ಮ ನಡೆದದ್ದನ್ನೆಲ್ಲ ಇದ್ದಂತೆ ಹೇಳಿಬಿಟ್ಟಳು. ಆ ಹೆಂಗಸು ಮುದ್ದೆ ನುಂಗುವುದನ್ನೂ ಮರೆತು ಕೇಳಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ನಮ್ಮೂರಾಗೆ ನಂಗೆ ಒಬ್ರೂ ಗೂಡು ತೆಗೀಲಿಲ್ಲ ಕಣಮ್ಮಾ. ಮೂರ್ನೇ ಕ್ಲಾಸಿಗೇ ತಾಳಿ ಕಟ್ಟಿಸ್ಬಿಟ್ರು.” ಗಂಡನ ಕಡೆ ತಿರುಗಿ, “ಸಂಜೆ ಬಸ್ಸಿಗೆ ಹೋಗಾನ. ಆ ಹುಡುಗೀನ ನೋಡ್ದೆ ನಾನಂತೂ ಏಳಲ್ಲ. ಮದುವೆ ಮಾತು ಪರೀಕ್ಷೆ ಎಲ್ಲಾ ಮುಗುದ್ಮೇಲೆ,” ಎಂದಳು.

ಸಂಜೆ ಬಸ್ಸು ನಿಂತಾಗ ಏರಿಯ ಮೇಲೆ ನೆಂಟರಷ್ಟೇ ಅಲ್ಲ, ಬೀದಿಯ ಹೆಂಗಸರೆಲ್ಲ ಇದ್ದರು. ಹಾಲಮ್ಮ ಬೆರಳಿನ ಮಸಿ ಲಂಗಕ್ಕೆ ಒರೆಸಿಕೊಳ್ಳುತ್ತ ಇಳಿದಳು. ಎದುರಿಗೆ ಅಪ್ಪನನ್ನು ಕಂಡು ಅಲ್ಲೇ ನಿಂತಳು.

ಮುದ್ದಪ್ಪನ ಮೊಣಕಾಲ ತುಂಬಾ ಮುಳ್ಳು ಗೀರಿದ ಗುರುತು. ಅವನು ಮಗಳನ್ನೊಮ್ಮೆ ನೋಡಿದ, ಬೀಗರಾಗಬೇಕಾದವರನ್ನೊಮ್ಮೆ ನೋಡಿದ. ಆಮೇಲೆ ಹೆಗಲ ಮೇಲಿನ ಟವಲ್ಲು ಕೊಡವಿ, ಏರಿಗೆಲ್ಲ ಕೇಳುವಂತೆ ಹೇಳಿದ:

“ಎಸ್ಸೆಲ್ಸಿ ಕಣ್ರೀ. ನಮ್ಮ ಬೀದೀಲಿ ಇಲ್ಲೀಗಂಟ ಒಬ್ಬ ಗಂಡ್ಸೂ ಬರ್ದಿಲ್ಲ!”