ಹೂಂಗುಟ್ಟುವ ಕೆಲಸ

ನಾನು ಬಾಯಿ ತೆರೆದರೆ ಮೂರು ತಾಲ್ಲೂಕಿನ ಕಾಗೆಗಳು ಗೂಡು ಬಿಟ್ಟು ಹಾರುತ್ತವೆ. ಕ್ಯಾಂಟೀನಿನಲ್ಲಿ ನಾನು ಕೂತೊಡನೆ ಬೆಂಚು ಖಾಲಿಯಾಗುತ್ತದೆ. ಅದಕ್ಕೇ ಸಕ್ಕರೆ ಕಾರ್ಖಾನೆಯವರು ನನ್ನನ್ನು ಕಪ್ಪು ಕಾಕಂಬಿ ಪಾಕದ ತೊಟ್ಟಿಯ ಬಾಯಲ್ಲಿ ಕೂರಿಸಿದ್ದಾರೆ. ಒಳಗೆ ಇಳಿದು ತೊಳೆಯುವವನು ನನ್ನ ಕತೆಗೆ ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಅವನಿಗೆ ವಿಷಗಾಳಿ ತಗುಲಿದೆ ಎಂದರ್ಥ. ನಾನು ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಎಳೆಯಬೇಕು.

ಅಂದು ಇಳಿದವನು ಹೊಸಬ.

“ಹೂಂ ನಿಲ್ಸಿದ್ರೆ ಮೀನು ಎಳ್ದಂಗೆ ಎಳ್ದಾಕ್ತೀನಿ ಕಣ್ಲಾ!”

“ಆಯ್ತಣ್ಣ.”

ಮದವೇರಿದ ಆನೆಯನ್ನು ಕಂಕುಳಲ್ಲಿ ಇರುಕಿಕೊಂಡು ನಾನು ಕಾವೇರಿಯ ಪ್ರವಾಹ ಈಜಿದ್ದನ್ನು ಹೇಳತೊಡಗಿದೆ. ಹೂಂ ಬಂತು. ನಡುನೀರಿನಲ್ಲಿ ಆನೆ ಅತ್ತದ್ದನ್ನು ಹೇಳಿದೆ. ಹೂಂ ಬರಲಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಂಡೆ.

“ಯಾಕತ್ತಿತಣ್ಣ? ಆಮೇಕೆ ಏನಾಯ್ತು?” ಒಳಗಿನಿಂದ ಅವನ ದನಿ ಬಂತು.

ಕಟ್ಟಿಕೊಂಡವಳು ಕೂಡ ಇವತ್ತಿನವರೆಗೆ ನನ್ನ ಯಾವ ಕತೆಗೂ ‘ಆಮೇಕೆ?’ ಎಂದವಳಲ್ಲ. ಕೈಗೆ ಸುತ್ತಿದ್ದ ಹಗ್ಗ ಬಿಚ್ಚಿದೆ. ಮಾತೇ ಹೊರಡಲಿಲ್ಲ.

ಏಣಿ ದಡಬಡ ಸದ್ದು ಮಾಡಿತು. ಮೈತುಂಬ ಕಾಕಂಬಿ ಮೆತ್ತಿಕೊಂಡ ಹೊಸಬ ಮೇಲೆ ಬಂದವನೇ ನನ್ನ ಭುಜ ಹಿಡಿದು ಅಲುಗಾಡಿಸಿದ.

“ಅಣ್ಣೋ, ಉಸ್ರಾಡಣ್ಣ! ನಿನ್ ಸದ್ದು ನಿಂತೋಯ್ತಲ್ಲ!”